ವಿಷದ ಪಾಠ: ಶವಾಗಾರದಿಂದ ತುರ್ತು ವಾರ್ಡಿಗೆ

ಹಿಪ್ಪುನೇರಳೆಗೆ ಔಷಧಿ ಹೊಡೆದ ಮೇಲೆ ಕೆಲವು ದಿನ ಬಿಟ್ಟೇ ಸೊಪ್ಪು ಕೊಯ್ಯಬೇಕು, ಇಲ್ಲದಿದ್ದರೆ ಹುಳು ಸಾಯುತ್ತದೆ ಎಂಬುದು ರೇಷ್ಮೆ ಬೆಳೆಗಾರರ ಮೊದಲ ಪಾಠ. ಹಾಗೆ ಬಹುಕಾಲ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ. ಅದು ಮನುಷ್ಯನ ಹೊಟ್ಟೆ ಸೇರಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಶ್ವಾಸನಾಳದಲ್ಲಿ ದ್ರವ ಕಟ್ಟುತ್ತದೆ. ಆಗ ಅಟ್ರೋಪಿನ್ ಕೊಟ್ಟು, ಎದೆಯ ಗೊರಗೊರ ನಿಲ್ಲುವವರೆಗೆ ಐದೈದು ನಿಮಿಷಕ್ಕೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗಬೇಕು. ಹುಳು ಸಾಕುವವರಿಗೆ ವಿಷದ ತಿಳಿವಳಿಕೆ ಜೀವ ಉಳಿಸುವ ಲೆಕ್ಕ. ನಮ್ಮ ವೈದ್ಯ ವಿದ್ಯಾರ್ಥಿಗಳಿಗೆ ಮಾತ್ರ ಅದನ್ನು ಬಹುಕಾಲ ಸಾವಿನ ಲೆಕ್ಕವಾಗಿ ಕಲಿಸಲಾಯಿತು.

ಕನ್ನಡದ ಪರಂಪರೆ ಹೀಗಿರಲಿಲ್ಲ. 14ನೇ ಶತಮಾನದ ಜೈನ ಕವಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಸ್ಥಾವರ (ಸಸ್ಯ, ಖನಿಜ), ಜಂಗಮ (ಪ್ರಾಣಿ) ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಹೇಳುವ ವೈದ್ಯಗ್ರಂಥ. ಅದರ ಕಣ್ಣು ರೋಗಿಯ ಮೇಲೆ. ವಸಾಹತು ಕಾಲದಲ್ಲಿ ಈ ವಿದ್ಯೆ ನ್ಯಾಯಾಲಯದ ನೆರಳಿಗೆ ಬಂತು. 1920ರಲ್ಲಿ ಹೊರಬಂದ ಜೆ.ಪಿ. ಮೋದಿಯವರ ಪಠ್ಯಪುಸ್ತಕ ವೈದ್ಯಕೀಯ ನ್ಯಾಯಶಾಸ್ತ್ರವನ್ನೂ ವಿಷಶಾಸ್ತ್ರವನ್ನೂ ಒಂದೇ ರಟ್ಟಿನೊಳಗೆ ಸೇರಿಸಿತು. ಮಾರಕ ಪ್ರಮಾಣ ಎಷ್ಟು, ಒಳಾಂಗಗಳನ್ನು ಉಪ್ಪಿನ ಗಾಢ ದ್ರಾವಣದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುವುದು ಹೇಗೆ ಎಂಬ ಪ್ರಶ್ನೆಗಳೇ ಪಾಠದಲ್ಲಿ ದೊಡ್ಡವಾದವು.

ವಿಷಪ್ರಾಶನವೆಂದರೆ ಪೊಲೀಸ್ ಕೇಸು, ಸಾಕ್ಷ್ಯ ಕೆಟ್ಟರೆ ಅಪರಾಧಿ ತಪ್ಪಿಸಿಕೊಳ್ಳುತ್ತಾನೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹೊಟ್ಟೆ ತೊಳೆದ ನೀರನ್ನು ಸೀಸೆಯಲ್ಲಿ ತೆಗೆದಿಡುವುದಕ್ಕೂ ರೋಗಿಯ ಉಸಿರು ಕಾಯುವುದಕ್ಕೂ ಜಗಳವಿಲ್ಲ. ಯಾವುದು ಮೊದಲು ಎಂಬುದಷ್ಟೇ ಪ್ರಶ್ನೆ. ಮಂಗರಾಜನ ಔಷಧಗಳು ಇಂದಿನ ಪರೀಕ್ಷೆಗೆ ಒಳಪಟ್ಟಿಲ್ಲವೆಂಬುದೂ ನಿಜ. ಆತನಿಂದ ಪಡೆಯಬೇಕಾದದ್ದು ಮದ್ದಿನ ಪಟ್ಟಿಯಲ್ಲ, ಆದ್ಯತೆ. ಆ ಆದ್ಯತೆ ಏಕೆ ಬೇಕೆಂಬುದನ್ನು ನಮ್ಮ ನಡುವಿನ ದುರಂತಗಳೇ ಹೇಳುತ್ತವೆ. 1981ರ ಜುಲೈಯಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಂಥ ಮದ್ಯದಲ್ಲಿ ಬೆರೆತ ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣು ಕಿತ್ತುಕೊಳ್ಳಲು ಗಂಟೆಗಳು ಬೇಕು. ಅಷ್ಟರಲ್ಲಿ ಗುರುತಿಸಿದರೆ ಎಥನಾಲ್ ಕೊಟ್ಟು ತಡೆಯಬಹುದು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದವರಲ್ಲಿ 17 ಜನ ಸತ್ತರು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಅಂಥ ಹೊತ್ತಿನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವವರು ಹೊಸದಾಗಿ ಓದು ಮುಗಿಸಿದ ಎಳೆಯ ವೈದ್ಯರೇ.

2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮ ವಿಷಪ್ರಾಶನವನ್ನು ಸಾಮಾನ್ಯ ವೈದ್ಯಶಾಸ್ತ್ರದ ಕಲಿಕೆಯಲ್ಲೂ ಸೇರಿಸಿತು. ಇನ್ನು ಪರೀಕ್ಷೆಯೂ ಬದಲಾಗಬೇಕು: ಮಾರಕ ಪ್ರಮಾಣ ಕೇಳುವ ಮೊದಲು, ಮೊದಲ ಹತ್ತು ನಿಮಿಷ ಏನು ಮಾಡುತ್ತೀರಿ ಎಂದು ಕೇಳಲಿ.