ಬಿಲ್ಲಿನ ಮೇಲಿನ ಬ್ಯಾಚ್ ನಂಬರ್

ಪುತ್ತೂರು, ಸುಳ್ಯ, ಕಡಬ ಅಂದ್ರೆ ಘಟ್ಟದ ಬುಡ. ಒಂದು ಕಾಲಕ್ಕೆ ಚಳಿಜ್ವರದ ಸೀಮೆ, ಕ್ವಿನೈನೇ ಗತಿ. ಆದರೆ ದೇಶದಲ್ಲಿ ಆಗ ಕ್ವಿನೈನೇ ಕಲಬೆರಕೆ ಆಗ್ತಿತ್ತು! ದೂರು ಜೋರಾದಾಗ 1930ರಲ್ಲಿ ಬ್ರಿಟಿಷ್ ಸರ್ಕಾರ ಕರ್ನಲ್ ಆರ್.ಎನ್. ಚೋಪ್ರಾ ಸಮಿತಿ ನೇಮಿಸಿತು. ಕಾಯ್ದೆ ಬಂದದ್ದು 1940ರಲ್ಲಿ, ನಿಯಮಗಳು 1945ರಲ್ಲಿ. ಎಷ್ಟು ಅವಸರ ನೋಡಿ!

ಇವತ್ತಿಗೂ ಔಷಧದ ಸಗಟು ವ್ಯಾಪಾರಕ್ಕೆ 20ಬಿ, 21ಬಿ ನಮೂನೆಯ ಲೈಸೆನ್ಸ್ ಬೇಕು. ಕನಿಷ್ಠ 10 ಚದರ ಮೀಟರ್ ಜಾಗ, ಅರ್ಹತೆಯಿರುವ ವ್ಯಕ್ತಿ ಬೇಕು. 2017ರಿಂದ ನವೀಕರಣದ ರಗಳೆ ಇಲ್ಲ, ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದರಾಯ್ತು. ನನಗಿದು ಅಷ್ಟಾಗಿ ಹಿಡಿಸಿಲ್ಲ. ನವೀಕರಣದ ನೆಪದಲ್ಲಾದರೂ ಅಧಿಕಾರಿ ಬಂದು ಕಪಾಟು ನೋಡಬೇಕಿತ್ತು. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಮಾತ್ರ ಇರಲೇಬೇಕು, ದಾಖಲೆ ಮೂರು ವರ್ಷ ಇಡಲೇಬೇಕು.

ಯಾಕೆ ಅಂತೀರಾ? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದವರಲ್ಲಿ ಐವರು ಬಾಣಂತಿಯರು ತೀರಿಕೊಂಡರು. ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅಂಥ ಬಾಟಲಿ ಎಲ್ಲೆಲ್ಲಿಗೆ ಹೋಗಿದೆ ಅಂತ ಹುಡುಕಿ ತಡೆಯೋದು ಹೇಗೆ? ನಾಳೆ ಸುಬ್ರಹ್ಮಣ್ಯದ ಅಂಗಡಿಗೆ ಕೆಟ್ಟ ಬ್ಯಾಚ್ ಬಂದರೆ, ಪುತ್ತೂರಿನ ಸಗಟು ವ್ಯಾಪಾರಿಯ ಬಿಲ್ಲೇ ಅದನ್ನು ಹೇಳಬೇಕು.