ಕಣದಿಂದ ಹರಾಜುಕಟ್ಟೆಯವರೆಗೆ: ನಮ್ಮ ಸೀಮೆಯ ತೆರಿಗೆಯ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಕೊಡಿ ಎಂದು ಸಮಿತಿಯವರು ಕೇಳಿದರು. ಹಾಸನ ಜಿಲ್ಲೆಯ ಇತಿಹಾಸ ಎಂದೊಡನೆ ಎಲ್ಲರೂ ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಕಡೆ ಹೊರಡುತ್ತಾರೆ. ನಾನು ಹಳೇಕೋಟೆಯ ಹೊಲಗದ್ದೆಗಳಲ್ಲೇ ನಿಲ್ಲುತ್ತೇನೆ. ಬೆಳೆದ ರಾಗಿ, ಭತ್ತದಲ್ಲಿ ಸರ್ಕಾರ ಎಷ್ಟು ತೆಗೆದುಕೊಂಡಿತು, ಹೇಗೆ ತೆಗೆದುಕೊಂಡಿತು ಎಂಬುದೂ ಇತಿಹಾಸವೇ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಒಂದೆರಡು ಸಾಲು ಮಾತ್ರ ಸಿಗುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ‘ಶರತ್ತು’ ಎಂಬ ಪದ್ಧತಿ ಇತ್ತು. ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣ ವಸೂಲು ಮಾಡಿ ಕಟ್ಟುತ್ತೇನೆ, ಕಡಿಮೆ ಬಿದ್ದರೆ ನಾನೇ ತುಂಬುತ್ತೇನೆ ಎಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡುತ್ತಿದ್ದ. ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷಕ್ಕಿಂತ ಹೆಚ್ಚೇ ಇರುತ್ತಿತ್ತು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ರೈತರಿಗೇ ಬಲವಂತವಾಗಿ ಮಾರುವುದಿಲ್ಲ ಎಂದೂ ಅದೇ ಮುಚ್ಚಳಿಕೆಯಲ್ಲಿ ಬರೆದಿರುತ್ತಿತ್ತು. ಮಾಡುವುದಿಲ್ಲ ಎಂದು ಬರೆಸಿಕೊಳ್ಳಬೇಕಾಗಿತ್ತು ಎಂದರೆ ನಡೆಯುತ್ತಿದ್ದದ್ದು ಏನೆಂದು ಊಹಿಸಬಹುದು.

ಇದರ ಜೊತೆಗೆ ಬಟಾಯಿ. ಬೆಳೆಯಲ್ಲಿ ಸರ್ಕಾರಕ್ಕೆ ಪಾಲು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಬೆಳೆದರೆ ಕೊಡು, ಬೆಳೆಯದಿದ್ದರೆ ಇಲ್ಲ. ತೊಂದರೆ ಇದ್ದದ್ದು ಕಣದಲ್ಲಿ. ಅಧಿಕಾರಿಗಳು ಬಂದು ಅಳೆದು ಪಾಲು ಮಾಡುವ ತನಕ ರೈತ ತನ್ನ ರಾಶಿಯನ್ನು ಮುಟ್ಟುವ ಹಾಗಿಲ್ಲ. ಅವರು ಬರುವುದು ತಡವಾಗಿ ಅಕಾಲದ ಮಳೆ ಹಿಡಿದರೆ ಧಾನ್ಯ ಕಣದಲ್ಲೇ ಮೊಳಕೆ ಒಡೆಯುತ್ತದೆ. ಬೇಗ ಬರಲಿ ಎಂದು ಕೈ ಬಿಸಿ ಮಾಡಬೇಕು, ಬಂದವರಿಗೆ ಊಟೋಪಚಾರ ನಡೆಸಬೇಕು. ರಾಜನ ಪಾಲಿಗಿಂತ ರಾಜನ ಹೆಸರು ಹೇಳುವವರ ಪಾಲು ಭಾರವಾಗುತ್ತಿತ್ತು.

1830ರಲ್ಲಿ ನಗರದ ಸೀಮೆಯ ರೈತರು ದಂಗೆ ಎದ್ದರು. ಮರುವರ್ಷ ಬ್ರಿಟಿಷರು ಅದನ್ನೇ ನೆಪ ಮಾಡಿಕೊಂಡು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅವರು ರೈತರ ಮೇಲಿನ ಮಮತೆಯಿಂದ ಬಂದವರಲ್ಲ. ಮೈಸೂರಿನಿಂದ ತಮಗೆ ಸಲ್ಲಬೇಕಾದ ಪೊಗದಿ ತಪ್ಪಬಾರದು ಎಂಬ ಚಿಂತೆ ಅವರಿಗಿತ್ತು. ಆದರೂ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಮಾಡಿದ ಒಂದು ಕೆಲಸವನ್ನು ಒಪ್ಪಲೇಬೇಕು. ಅವರ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಬಿ.ಎಲ್. ರೈಸ್ ಅವರ ಗೆಜೆಟಿಯರ್‌ನಲ್ಲಿ ಅವುಗಳ ಮಾದರಿ ಓದಿದರೆ ನಗುವುದೋ ಅಳುವುದೋ ತಿಳಿಯದು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಹಿಂದೆಂದೋ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಹುಡುಕಿಕೊಡಲಿಲ್ಲ ಎಂದು ಒಂದು ಊರಿನವರು ಅಜ್ಜಂದಿರ ತಪ್ಪಿಗೆ ತೆರಿಗೆ ಕಟ್ಟುತ್ತಿದ್ದರು!

ಇಷ್ಟೆಲ್ಲ ಕೈಬಿಟ್ಟ ಮೇಲೆ ಬೊಕ್ಕಸ ಬರಿದಾಗಬೇಕಿತ್ತು. ಹಾಗಾಗಲಿಲ್ಲ, ಹುಟ್ಟುವಳಿ ಏರಿತು. ರಸ್ತೆಗಳಾದವು, ಘಟ್ಟಗಳಲ್ಲಿ ಗಾಡಿ ಇಳಿಯತೊಡಗಿತು, ಕಾಫಿಯ ಮೇಲಿನ ಹಾಲತ್ ಸುಂಕ ಇಳಿದಂತೆ ಮಲೆನಾಡಿನಲ್ಲಿ ತೋಟಗಳು ಹಬ್ಬಿದವು. ಬಟಾಯಿ ಬದಲು ನಗದು ಕಂದಾಯಕ್ಕೆ ಉತ್ತೇಜನ ಸಿಕ್ಕಿತು. 1863ರಲ್ಲಿ ಬೌರಿಂಗ್ ಅವರ ಕಾಲದಲ್ಲಿ ಭೂಮಿಯ ಸರ್ವೆ ಶುರುವಾಯಿತು. ಇವತ್ತು ನಿಮ್ಮ ಪಹಣಿಯಲ್ಲಿರುವ ಸರ್ವೆ ನಂಬರು, ತರಿ, ಖುಷ್ಕಿ, ಬಾಗಾಯ್ತು ಎಂಬ ವಿಂಗಡಣೆ ಆ ಕೆಲಸದಿಂದಲೇ ನಮಗೆ ಬಂದದ್ದು. ಒಮ್ಮೆ ಗೊತ್ತುಮಾಡಿದ ಕಂದಾಯ 30 ವರ್ಷ ಬದಲಾಗುತ್ತಿರಲಿಲ್ಲ. ನಾಳೆ ಎಷ್ಟು ಕಟ್ಟಬೇಕು ಎಂದು ಗೊತ್ತಿರುವವನು ಬಾವಿ ತೋಡುತ್ತಾನೆ, ತೆಂಗಿನ ಸಸಿ ನೆಡುತ್ತಾನೆ. ಗೊತ್ತಿಲ್ಲದವನು ಹಾಗೆ ಮಾಡಲಾರ.

ಆದರೆ ನಗದು ಕಂದಾಯಕ್ಕೆ ಇನ್ನೊಂದು ಮುಖವಿತ್ತು. ಬಟಾಯಿಯಲ್ಲಿ ಮಳೆ ಹೋದರೆ ಸರ್ಕಾರದ ಪಾಲೂ ಹೋಗುತ್ತಿತ್ತು. ನಗದಿಗೆ ಮಳೆಯ ಲೆಕ್ಕವಿಲ್ಲ. ಕಂತಿನ ದಿನ ಬಂದರೆ ರೈತ ಸಾಹುಕಾರನ ಜಗಲಿಗೆ ಹೋಗಬೇಕು. 1876ರಿಂದ 78ರ ಬರಗಾಲ ಬಂದಾಗ ಜನರ ಕೈಯಲ್ಲಿ ಏನೂ ಉಳಿದಿರಲಿಲ್ಲ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರ ಇದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಇದಕ್ಕೆ ಕಂದಾಯವೊಂದೇ ಕಾರಣ ಎಂದರೆ ತಪ್ಪಾಗುತ್ತದೆ, ಮಳೆ ಕೈಕೊಟ್ಟಿತ್ತು. ಆದರೆ ಒಳ್ಳೆಯ ವರ್ಷಗಳಲ್ಲಿ ರೈತನ ಕಣಜದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಕಂದಾಯವೇ.

ಹಾದಿಯ ಸುಂಕದ ಕಥೆ ಬೇರೆ. ‘ಸುಂಕದಕಟ್ಟೆ’ ಎಂಬ ಊರ ಹೆಸರುಗಳು ಇಂದಿಗೂ ಇವೆ. ಸುಂಕದ ಕಟ್ಟೆ ಹೋದ ಮೇಲೆ ಪಟ್ಟಣದ ಬಾಗಿಲಲ್ಲಿ ಆಕ್ಟ್ರಾಯ್ ಬಂತು. ಗಾಡಿ ಹೊಡೆದುಕೊಂಡು ಪಟ್ಟಣಕ್ಕೆ ಹೋಗುತ್ತಿದ್ದ ಹಿರಿಯರಿಗೆ ಆ ಗೇಟು ನೆನಪಿದ್ದೀತು. 1979ರಲ್ಲಿ ಅದೂ ಹೋಗಿ ಪ್ರವೇಶ ತೆರಿಗೆ ಬಂತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಅದನ್ನು ನುಂಗಿತು.

ಮರುವರ್ಷ, 1980ರ ಜುಲೈನಲ್ಲಿ, ಮಲಪ್ರಭಾ ಕಾಲುವೆಯ ಸೀಮೆಯ ನರಗುಂದ, ನವಲಗುಂದಗಳಲ್ಲಿ ನೀರಿನ ಕರ ಮತ್ತು ಅಭಿವೃದ್ಧಿ ಕರದ ವಿರುದ್ಧ ರೈತರು ಬೀದಿಗಿಳಿದರು, ಗುಂಡಿಗೆ ಜೀವಗಳು ಹೋದವು. ನಗರದ ದಂಗೆಯಾಗಿ ಸರಿಯಾಗಿ 150 ವರ್ಷ ಆಗಿತ್ತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಕಟ್ಟಿಸಿಕೊಂಡ ನಮ್ಮ ಕಡೆಯವರೂ ಆ ಸುದ್ದಿಯನ್ನು ದೂರದ ಊರಿನದೆಂದು ಓದಿರಲಾರರು.

ತೆರಿಗೆಯಂತೆಯೇ ಸರ್ಕಾರದ ಕಟ್ಟಳೆಯೂ ಒಂದು ಸೀಮೆಯನ್ನು ಬೆಳೆಸಬಲ್ಲದು, ಕಟ್ಟಿಹಾಕಲೂಬಲ್ಲದು. ಇದಕ್ಕೆ ಪಕ್ಕದ ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪೇ ಸಾಕ್ಷಿ. 1975ರ ಕಾಯ್ದೆಯಿಂದ ತಂಬಾಕು ಮಂಡಳಿ ಹುಟ್ಟಿತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಆರಂಭವಾಯಿತು. ರಾಮನಾಥಪುರದ ಹರಾಜುಕಟ್ಟೆಯಲ್ಲಿ ಬೇಲು ಎಲ್ಲರ ಕಣ್ಣೆದುರು ಮಾರಾಟವಾಗುತ್ತದೆ, ಹಣ ಬ್ಯಾಂಕಿಗೆ ಬರುತ್ತದೆ. ವ್ಯಾಪಾರಿ ಹೇಳಿದ್ದೇ ದರ ಎನ್ನುವ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಬದಲಾವಣೆ. ಆದರೆ ಎಷ್ಟು ಬೆಳೆಯಬೇಕು ಎಂಬುದನ್ನು ಮಂಡಳಿ ಗೊತ್ತುಮಾಡುತ್ತದೆ. ಬ್ಯಾರನ್‌ಗೆ ಪರವಾನಗಿ ಬೇಕು. ಮಿತಿ ಮೀರಿದ ಸೊಪ್ಪಿಗೆ ದಂಡ ಉಂಟು. ಎಷ್ಟೋ ವರ್ಷ ಆ ದಂಡ ಎಷ್ಟು, ಮನ್ನಾ ಆಗುತ್ತದೋ ಇಲ್ಲವೋ ಎಂಬುದು ಸೊಪ್ಪು ಬೇಯಿಸಿದ ಮೇಲೆ ತಿಳಿಯುತ್ತದೆ. ಸಿಗರೇಟಿನ ಮೇಲೆ ತೆರಿಗೆ ಏರುವುದು ಜನರ ಆರೋಗ್ಯಕ್ಕೆ ಒಳ್ಳೆಯದೇ, ನಾನು ಅದನ್ನು ವಿರೋಧಿಸುವುದಿಲ್ಲ. ಹೊಗೆಸೊಪ್ಪು ಬಿಡಿ ಎನ್ನುವವರು ಬದಲಿ ಬೆಳೆಗೂ ಅಂಥದೇ ಒಂದು ಹರಾಜುಕಟ್ಟೆ ಕಟ್ಟಿಕೊಡಲಿ ಎನ್ನುವುದಷ್ಟೇ ನನ್ನ ಮಾತು. ನಮ್ಮ ಕಡೆಯ ಆಲೂಗೆಡ್ಡೆ ಬೆಳೆಗಾರನಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಹಳೇ ಟ್ರಂಕಿನಲ್ಲಿ, ತಾತಂದಿರ ಕಾಲದ ಕಂದಾಯದ ರಸೀದಿಗಳು ಇದ್ದರೆ ಗೆದ್ದಲು ತಿನ್ನುವ ಮೊದಲು ಶಾಲೆಗೆ ತಂದು ತೋರಿಸಿ. ಒಂದು ನಕಲು ಮಾಡಿಸಿಕೊಂಡು ಮೂಲವನ್ನು ನಿಮಗೇ ಹಿಂದಿರುಗಿಸುತ್ತೇವೆ.