ಏಳರಲ್ಲಿ ಬಿಟ್ಟ ಮೂರು

ಸಂಸ್ಕೃತ ವ್ಯಾಕರಣದಲ್ಲಿ ಸಾಮಾನ್ಯ ನಿಯಮಕ್ಕೆ ಉತ್ಸರ್ಗ ಎಂದೂ ಅದನ್ನು ಮೀರಿ ನಿಲ್ಲುವ ವಿಶೇಷ ನಿಯಮಕ್ಕೆ ಅಪವಾದ ಎಂದೂ ಹೆಸರು. ಪ್ರೋಗ್ರಾಮಿಂಗಿನ ‘ಎಕ್ಸೆಪ್ಷನ್’ಗೂ ಅಪವಾದ ಎಂಬ ಪದ ಹೊಂದುತ್ತದೆ. ಅಪವಾದವನ್ನು ನಿಭಾಯಿಸಲು ಕೆಲವು ಸಾಲು ಹೆಚ್ಚು ಬರೆಯಬೇಕು, ಆ ಸಾಲುಗಳನ್ನು ಓಡಿಸಲು ಪ್ರೊಸೆಸರಿಗೆ ಸಮಯ ಬೇಕು. ನವಿ ಮುಂಬೈಯ ಐರೋಲಿ, ಮಹಾಪೆಗಳಲ್ಲಿ ಕೋಡ್ ಬರೆಯುವವರಿಗೂ ಈ ಲೆಕ್ಕ ತಪ್ಪಿದ್ದಲ್ಲ. ಇದರ ಬಲು ದುಬಾರಿ ಪಾಠ ಏರಿಯಾನ್ ರಾಕೆಟ್ಟಿನದು.

ಹಾಸನದ ಕೇಂದ್ರದಿಂದ ನಿಯಂತ್ರಿಸಿದ ಇನ್ಸಾಟ್-2ಎ, 2ಬಿ, 2ಸಿ ಉಪಗ್ರಹಗಳು 1992ರಿಂದ 1995ರ ನಡುವೆ ಏರಿದ್ದು ಏರಿಯಾನ್ 4ರಲ್ಲಿ. ಅದರ ದಿಕ್ಕು ಅಳೆಯುವ ಕಂಪ್ಯೂಟರಿನ ಮೇಲೆ ಶೇ. 80ಕ್ಕಿಂತ ಹೆಚ್ಚು ಹೊರೆ ಬೀಳಬಾರದೆಂಬ ಮಿತಿ ಇತ್ತು. ಸಂಖ್ಯೆ ಉಕ್ಕಿ ಹರಿಯುವ ಅಪಾಯವಿದ್ದ ಏಳು ಕಡೆ ಎಂಜಿನಿಯರರು ಗುರುತಿಸಿದರು. ನಾಲ್ಕಕ್ಕೆ ರಕ್ಷಣೆ ಕೊಟ್ಟು, ಮೂರನ್ನು ಹಾಗೇ ಬಿಟ್ಟರು. ಆ ರಾಕೆಟ್ಟಿನ ಹಾದಿಯಲ್ಲಿ ಆ ಮೂರು ಸಂಖ್ಯೆಗಳು ಮಿತಿ ದಾಟುವಂತಿರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

ಅದೇ ಪ್ರೋಗ್ರಾಮು ಏರಿಯಾನ್ 5ಕ್ಕೂ ಹೋಯಿತು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಅದರ ಮೊದಲ ಹಾರಾಟ. ಹೊಸ ರಾಕೆಟ್ಟಿನ ಅಡ್ಡವೇಗ ಹಳೆಯದಕ್ಕಿಂತ ಬಹಳ ಬೇಗ ಏರುತ್ತಿತ್ತು. ಸುಮಾರು 37ನೇ ಸೆಕೆಂಡಿನಲ್ಲಿ, ಬಿಟ್ಟ ಮೂರರಲ್ಲಿ ಒಂದು, 16 ಬಿಟ್ಟುಗಳಲ್ಲಿ ಹಿಡಿಯುವ 32,767ನ್ನು ಮೀರಿತು. ಅಪವಾದ ಎದ್ದಿತು, ನಿಭಾಯಿಸುವ ಸಾಲು ಇರಲಿಲ್ಲ, ಕಂಪ್ಯೂಟರು ನಿಂತಿತು. ಆಪತ್ತಿಗೆಂದು ಇಟ್ಟಿದ್ದ ಜೋಡಿ ಕಂಪ್ಯೂಟರಿನಲ್ಲೂ ಅದೇ ಪ್ರೋಗ್ರಾಮು, ಅದಕ್ಕೂ ಅದೇ ಗತಿ. ನಿಲ್ಲುವಾಗ ಕಳಿಸಿದ ದೋಷವರದಿಯನ್ನು ಮುಖ್ಯ ಕಂಪ್ಯೂಟರು ಹಾರಾಟದ ಮಾಹಿತಿ ಎಂದುಕೊಂಡು ರಾಕೆಟ್ಟನ್ನು ತಿರುಗಿಸಿತು. ರಾಕೆಟ್ಟು ಆಕಾಶದಲ್ಲೇ ಒಡೆಯಿತು, ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು. ಅಸಲಿಗೆ ಆ ಲೆಕ್ಕಕ್ಕೆ, ನೆಲ ಬಿಟ್ಟ ಮೇಲೆ, ಏರಿಯಾನ್ 5ರಲ್ಲಿ ಯಾವ ಕೆಲಸವೂ ಇರಲಿಲ್ಲ.

ಝಾಕ್-ಲೂಯಿ ಲಿಯೋನ್ಸ್ ನೇತೃತ್ವದ ತನಿಖಾ ಮಂಡಳಿ ಜುಲೈನಲ್ಲೇ ವರದಿ ಕೊಟ್ಟಿತು. ಮೂರನ್ನು ಬಿಟ್ಟದ್ದು ಅಸಡ್ಡೆಯಿಂದಲ್ಲ, ಹಲವರು ಸೇರಿ ತೆಗೆದುಕೊಂಡ ತೀರ್ಮಾನ. ಆದರೆ ಯಾಕೆ ಬಿಟ್ಟೆವು ಎಂಬ ಕಾರಣ ಕೋಡಿನಲ್ಲಿ ಎಲ್ಲೂ ಇರಲಿಲ್ಲ, ಹೊಸ ರಾಕೆಟ್ಟಿನ ಹಾದಿಯ ವಿವರವನ್ನು ಆ ಕಂಪ್ಯೂಟರಿನ ಅಗತ್ಯಗಳ ಪಟ್ಟಿಗೆ ಸೇರಿಸಿಯೂ ಇರಲಿಲ್ಲ. ದೋಷ ಕಂಡರೆ ಬಾಯಿ ಮುಚ್ಚಿಕೊಳ್ಳುವ ಬದಲು, ತನಗೆ ತಿಳಿದಷ್ಟನ್ನಾದರೂ ಕಳಿಸುತ್ತಿರಬೇಕು ಎಂದೂ ಮಂಡಳಿ ಸೂಚಿಸಿತು.

ವೇಗಕ್ಕಾಗಿ ತಪಾಸಣೆ ಬಿಡುವುದು ಇಂದಿಗೂ ನಡೆದೇ ಇದೆ, ಬಹಳ ಸಲ ಅದು ಸರಿಯೂ ಹೌದು. ಬಿಡುವವರು ಯಾವ ನಂಬಿಕೆಯ ಮೇಲೆ ಬಿಟ್ಟೆವೆಂದು ಅದೇ ಸಾಲಿನ ಪಕ್ಕ ಬರೆದಿಟ್ಟರೆ, ಬೇರೆ ರಾಕೆಟ್ಟಿಗೆ ಅದನ್ನು ಒಯ್ಯುವವರಿಗೆ ಪ್ರಶ್ನೆ ಕೇಳಲು ಒಂದು ಅವಕಾಶವಾದರೂ ಸಿಗುತ್ತದೆ.